ಅಪರಾಹ್ನ ಹನ್ನೊಂದೂವರೆಗೆ ಮಲಗಿದೆ

ಮೊಬೈಲನ್ನು ಕನ್ನಡಕ್ಕೆ ಬದಲಿಸಿದ ಮೊದಲ ರಾತ್ರಿಯೇ ನನ್ನ ಕಣ್ಣು ತೆರೆಯಿತು. ಊಟ ಮುಗಿಸಿ, ಬೀಗ ಹಾಕಿ, ದೀಪ ಆರಿಸುವ ಮುಂಚೆ ಗಂಟೆ ನೋಡಿದೆ. ‘ಅಪರಾಹ್ನ 11:30’ ಅಂತಿತ್ತು.

ಆ ಪದವನ್ನು ನಾನು ಅಲ್ಲಿಯತನಕ ಕೇಳಿದ್ದು ಶ್ರಾದ್ಧದ ದಿನ ಪುರೋಹಿತರ ಬಾಯಲ್ಲಿ ಮಾತ್ರ. ಈಗ ಪಿಎಂ ಅಂದರೆ ಅಪರಾಹ್ನ, ಎಎಂ ಅಂದರೆ ಪೂರ್ವಾಹ್ನ. ಕೋಳಿ ಕೂಗುವ ಮುಂಚೆ, ರಾತ್ರಿ ಎರಡಕ್ಕೆ ಬಾಯಾರಿ ಎದ್ದರೆ ಅದೂ ಪೂರ್ವಾಹ್ನವೇ. ನಸುಕು, ಬೆಳಿಗ್ಗೆ, ಇಳಿಹೊತ್ತು, ಮುಸ್ಸಂಜೆ, ಸರಿರಾತ್ರಿ ಅಂತೆಲ್ಲ ಹೊತ್ತಿಗೊಂದು ಹೆಸರಿಟ್ಟುಕೊಂಡ ಭಾಷೆಗೆ ಎರಡೇ ಡಬ್ಬಿ! ಎಂಥ ಮಿತವ್ಯಯ. ‘ರಾತ್ರಿ’ ಅಂತ ತೋರಿಸು ಮಾರಾಯ ಅಂತ ಹೇಳೋಣವೆಂದು ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. 24 ಗಂಟೆಯ ಗಡಿಯಾರ ಬೇಕಾದರೆ ಇಟ್ಟುಕೋ ಅಂದಿತು. ಗೋಡೆಚಿತ್ರ ಬದಲಿಸಲು ನೂರೆಂಟು ದಾರಿ ಇತ್ತು. ರಾತ್ರಿಯನ್ನು ರಾತ್ರಿ ಅನ್ನಲು ಒಂದೂ ಇರಲಿಲ್ಲ.

ತಾರೀಖಿನದು ಇನ್ನೂ ಚೆಂದ. ಬೆಂಗಳೂರಿನಲ್ಲಿ ಕೂತು ಬರೆದ ಆ್ಯಪು ಬೆಂಗಳೂರಿನವನಿಗೇ ‘ಕೊನೆಯ ದಿನ 04/07’ ಅನ್ನುತ್ತದೆ. ಜುಲೈ ನಾಲ್ಕೋ, ಏಪ್ರಿಲ್ ಏಳೋ? ತಿಂಗಳನ್ನು ಮೊದಲು ಬರೆಯುವುದು ಅಮೆರಿಕದವರ ಪದ್ಧತಿ, ಬರೆದುಕೊಳ್ಳಲಿ. ನಮ್ಮ ಮೇಲೇಕೆ? ಹದಿಮೂರನೇ ತಾರೀಖು ಮುಟ್ಟಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ, ಹದಿಮೂರನೇ ತಿಂಗಳು ಇಲ್ಲವಲ್ಲ. ಅದಕ್ಕೆ ಮುಂಚಿನ ದಿನಗಳಲ್ಲಿ 01/01, 02/02 ಥರದ ಹನ್ನೆರಡನ್ನು ಬಿಟ್ಟರೆ ವರ್ಷಕ್ಕೆ 132 ದಿನ ಎರಡೂ ಕಡೆಯಿಂದ ಓದಬಹುದು. ವರ್ಷದಲ್ಲಿ ನಾಲ್ಕು ತಿಂಗಳಿಗೂ ಜಾಸ್ತಿ!

ನಾವಾದರೂ ಪರವಾಗಿಲ್ಲ, ವಿಜ್ಞಾನಿಗಳ ಪಾಡು ಕೇಳಿ. ‘ಮಾರ್ಚ್1’ ಎಂಬ ಜೀನ್‌ನ ಹೆಸರನ್ನು ಎಕ್ಸೆಲ್‌ನಲ್ಲಿ ಬರೆದರೆ ಅದು ಮಾರ್ಚ್ ಒಂದನೇ ತಾರೀಖಾಗಿಬಿಡುತ್ತಿತ್ತು. ಯಾರೂ ಕೇಳಿರಲಿಲ್ಲ, ಸುಮ್ನೆ ಸೇವೆ. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಅಂಥ ಹೆಸರುಗಳನ್ನು ಬದಲಿಸಿತು. ಈ ಸೇವೆ ಬೇಡ ಅನ್ನಲು ಎಕ್ಸೆಲ್‌ನಲ್ಲಿ ಒಂದು ಆಯ್ಕೆ ಬಂದದ್ದು 2023ರಲ್ಲಿ. ಮನುಷ್ಯನ ಜೀನೇ ಮೊದಲು ಬಗ್ಗಿತು.

ನಮ್ಮ ಚಿಕ್ಕಪ್ಪ ಹುಟ್ಟಿದ್ದು ನವೆಂಬರ್ ಮೂರಕ್ಕೆ. ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಅವರು ಮಾರ್ಚ್ ಹನ್ನೊಂದಕ್ಕೆ ಹುಟ್ಟಿದ್ದಾರೆ. 03/11 ಅಂತ ಇವರು ಸರಿಯಾಗಿಯೇ ಬರೆದುಕೊಟ್ಟಿದ್ದರು. “ಸಿಸ್ಟಮ್‌ನಲ್ಲಿ ಹಂಗೇ ಬರ್ತಿದೆ ಸಾರ್, ನಾವೇನು ಮಾಡೋಕಾಗುತ್ತೆ?” ಛಾಪಾ ಕಾಗದ, ನೋಟರಿ, ಅಫಿಡವಿಟ್, ಜೆರಾಕ್ಸು. ಮೊಣಕಾಲು ನೋವಿನ ಮನುಷ್ಯ ಎರಡು ಮಹಡಿ ಹತ್ತಿಳಿದದ್ದು ಐದು ಸಲ. ನಗು ಬರುತ್ತಿಲ್ಲ ನನಗೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ತೋರಿಸಿದ್ದರೆ ಸಾಕಿತ್ತು. ‘ನಿಮ್ಮ ತಾರೀಖು ಹೇಗೆ ಬರೀತೀರಿ?’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕುಕೀ ಒಪ್ಪಿಗೆಯಾ ಅಂತ ದಿನಕ್ಕೆ ಹತ್ತು ಸಲ ಕೇಳುವವರಿಗೆ ಇದೊಂದು ಕೇಳಲು ಏನು ಬಂದಿತ್ತು ರೋಗ?

ತಿದ್ದುಪಡಿ ಇನ್ನೂ ಆಗಿಲ್ಲ. ಹುಟ್ಟುಹಬ್ಬದ ಶುಭಾಶಯ ಮಾತ್ರ ಪ್ರತಿವರ್ಷ ಮಾರ್ಚ್ ಹನ್ನೊಂದಕ್ಕೆ ತಪ್ಪದೆ ಬರುತ್ತದೆ, ಪೂರ್ವಾಹ್ನ 12:01ಕ್ಕೆ. ಚಿಕ್ಕಪ್ಪ ಗಾಬರಿಯಿಂದ ಎದ್ದು ಕನ್ನಡಕ ಹುಡುಕುತ್ತಾರೆ. ಇಷ್ಟು ಹೊತ್ತಿನಲ್ಲಿ ಮೆಸೇಜ್ ಬಂದರೆ ಯಾರೋ ಹೋದರು ಅಂತಲೇ ಅವರ ಲೆಕ್ಕ.