ಗೇಟಿನ ಎರಡು ಪೌಂಡ್

ಹೋದ ಶನಿವಾರ ಮ್ಯಾಚ್ ಮುಗಿದ ಮೇಲೆ ನಮ್ಮ ಫುಟ್‌ಬಾಲ್ ಕ್ಲಬ್‌ನ ಖಜಾಂಚಿ ಟೀ ಕೌಂಟರ್ ಹತ್ತಿರ ಸಿಕ್ಕಿದರು. "ಮುಂದಿನ ಸೀಸನ್‌ನಿಂದ ಗೇಟ್ ಟಿಕೆಟ್ 10 ಪೌಂಡ್‌ನಿಂದ 12ಕ್ಕೆ ಏರಿಸಬೇಕಾಗುತ್ತೇನೋ" ಅಂದರು. ಹೇಳುವಾಗ ಅವರಿಗೇ ಸಂಕಟ ಆಗುತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಬಳ ಇಲ್ಲದೆ ವಾರಕ್ಕೆ ಮೂರು ಸಂಜೆ ಲೆಕ್ಕ ಬರೆಯುವ ಮನುಷ್ಯ. ಆದರೂ ಆ ಎರಡು ಪೌಂಡ್ ಏರಿಸಬಾರದು ಅಂತ ನನಗೆ ಬಲವಾಗಿ ಅನ್ನಿಸಿದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನಿರುವುದು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಫುಟ್‌ಬಾಲ್ ಅಂದರೆ ಪ್ರೀಮಿಯರ್ ಲೀಗ್ ಒಂದೇ ಅಲ್ಲ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಲೀಗ್‌ಗಳಿವೆ. ನಮ್ಮದು ಎಂಟನೇ ಮೆಟ್ಟಿಲು. ಒಳ್ಳೆಯ ದಿನ 300 ಜನ ಸೇರುತ್ತಾರೆ. ಆಟಗಾರರಲ್ಲಿ ಒಬ್ಬ ಪ್ಲಂಬರ್, ಇಬ್ಬರು ಮೇಷ್ಟ್ರು. ಮ್ಯಾಚ್ ತೋರಿಸಲು ಟಿವಿಯವರು ಕೊಡುವ ದುಡ್ಡು ಇಲ್ಲಿವರೆಗೆ ಇಳಿಯುವುದೇ ಇಲ್ಲ ಅನ್ನಬಹುದು. ಪ್ರೀಮಿಯರ್ ಲೀಗ್‌ನಲ್ಲಿ ಕಟ್ಟಕಡೆಗೆ ನಿಂತ ಕ್ಲಬ್‌ಗೂ ಒಂದು ಸೀಸನ್‌ಗೆ 10 ಕೋಟಿ ಪೌಂಡ್‌ಗೂ ಜಾಸ್ತಿ ಸಿಗುತ್ತದೆ. ನಮಗೆ ಗೇಟ್‌ನಲ್ಲಿ ಬಂದದ್ದು, ಬಾರ್‌ನಲ್ಲಿ ಬಂದದ್ದು, ಲಾಟರಿ ಚೀಟಿಯಲ್ಲಿ ಬಂದದ್ದು, ಊರಿನ ಅಂಗಡಿಯವರು ಬೋರ್ಡ್ ಹಾಕಿಸಿ ಕೊಟ್ಟದ್ದು. ಇಷ್ಟೇ.

2022ರ ಅಕ್ಟೋಬರ್‌ನಲ್ಲಿ ಈ ದೇಶದ ಬೆಲೆ ಏರಿಕೆ ಶೇಕಡಾ 11.1 ಮುಟ್ಟಿತು. 41 ವರ್ಷದಲ್ಲೇ ಅಷ್ಟು ಏರಿರಲಿಲ್ಲ. ಆ ಚಳಿಗಾಲ ಮರೆಯೋಕಾಗಲ್ಲ. ಮನೆಗಳ ಕರೆಂಟ್, ಗ್ಯಾಸ್ ದರಕ್ಕೆ ಸರ್ಕಾರಿ ನಿಯಂತ್ರಣ ಸಂಸ್ಥೆ ಒಂದು ಮಿತಿ ಇಡುತ್ತದೆ. ಕ್ಲಬ್‌ಗಳು ಆ ಲೆಕ್ಕಕ್ಕೆ ಬರುವುದಿಲ್ಲ, ಅವು ವ್ಯಾಪಾರದ ಪಟ್ಟಿಯಲ್ಲಿವೆ. ಆರು ತಿಂಗಳ ಮಟ್ಟಿಗೆ ಒಂದಿಷ್ಟು ನೆರವು ಬಂತು, ಆಮೇಲೆ ಅದೂ ಬಹಳ ಕಡಿಮೆಯಾಯಿತು. ಫ್ಲಡ್‌ಲೈಟ್ ಉರಿಸುವ ಖರ್ಚು ಉಳಿಸೋಣ ಅಂತ ಎಷ್ಟೋ ಕ್ಲಬ್‌ಗಳು ಮೂರು ಗಂಟೆಯ ಮ್ಯಾಚನ್ನು ಒಂದು ಗಂಟೆಗೇ ಶುರು ಮಾಡಿದವು. ಬೆಲೆ ಏರಿಕೆಯ ವೇಗ ಆಮೇಲೆ ಇಳಿಯಿತು ನಿಜ. ಆದರೆ ಏರಿದ ಬೆಲೆ ಏರಿದಲ್ಲೇ ನಿಂತಿದೆ.

ಮಳೆಯ ವಿಷಯ ಹೇಳಲೇಬೇಕು. ಹೊರಗಿನವರಿಗೆ ಇದು ಕಾಣುವುದಿಲ್ಲ. ಶನಿವಾರ ಬೆಳಿಗ್ಗೆ ರೆಫರಿ ಬಂದು ಮೈದಾನದ ನಾಲ್ಕು ಕಡೆ ಚೆಂಡು ಬೀಳಿಸಿ ನೋಡುತ್ತಾರೆ. ಚೆಂಡು ಪುಟಿಯದೆ ನೀರಲ್ಲಿ ಕೂತರೆ ಮ್ಯಾಚ್ ರದ್ದು. ಅಷ್ಟು ಹೊತ್ತಿಗೆ ಮಾರಲು ತರಿಸಿದ ಪೈ ತಿಂಡಿಗಳು ಬಂದಿರುತ್ತವೆ, ಬ್ರೆಡ್ ಬಂದಿರುತ್ತದೆ. ಆ ಮ್ಯಾಚ್ ಯಾವುದೋ ಮಂಗಳವಾರ ರಾತ್ರಿಗೆ ಹೋಗುತ್ತದೆ. ಮಾರನೇ ದಿನ ಸ್ಕೂಲು, ಕೆಲಸ. 300 ಜನ ಬರುವಲ್ಲಿ 140 ಬರುತ್ತಾರೆ. ರಾತ್ರಿ ಮ್ಯಾಚ್ ಅಂದಮೇಲೆ ಲೈಟ್ ಪೂರ್ತಿ ಹೊತ್ತು ಉರಿಯಬೇಕು. ಬರೋ ದುಡ್ಡು ಅರ್ಧ, ಹೋಗೋ ದುಡ್ಡು ಜಾಸ್ತಿ. ಒಂದು ಚಳಿಗಾಲದಲ್ಲಿ ಹೀಗೆ ನಾಲ್ಕು ಸಲ ಆದರೆ ಖಜಾಂಚಿಗೆ ನಿದ್ದೆ ಬರುವುದಿಲ್ಲ.

ಹಾಗಾದರೆ ಬೆಲೆ ಏರಿಕೆಯಿಂದ ಜನ ಫುಟ್‌ಬಾಲ್‌ಗೆ ಬರೋದು ಬಿಟ್ಟರಾ? ಇಲ್ಲ. ಮೇಲಿನ ಲೀಗ್‌ಗಳಲ್ಲಿ ಸ್ಟೇಡಿಯಂ ಚೆನ್ನಾಗಿಯೇ ತುಂಬುತ್ತಿದೆ. ನಮ್ಮಲ್ಲೂ ಲೆಕ್ಕದ ಪುಸ್ತಕದಲ್ಲಿ ಸರಾಸರಿ ಅಷ್ಟೇನೂ ಬಿದ್ದಿಲ್ಲ. ಅದಕ್ಕೇ ಕಮಿಟಿಯವರಿಗೆ ಧೈರ್ಯ. ಆದರೆ ಸರಾಸರಿ ಒಂದು ವಿಷಯ ಹೇಳುವುದಿಲ್ಲ. ಪ್ರತಿ ಮ್ಯಾಚ್‌ಗೂ ಬರುತ್ತಿದ್ದವರು ಈಗ ಮೂರಕ್ಕೊಂದು ಬರುತ್ತಿದ್ದಾರೆ. ಅವರ ಜಾಗದಲ್ಲಿ ದೊಡ್ಡ ಕ್ಲಬ್‌ನ ಟಿಕೆಟ್ ಕೊಳ್ಳಲಾಗದವರು ಒಂದೊಂದು ಸಲ ಬಂದು ನಿಲ್ಲುತ್ತಾರೆ. ತಲೆ ಎಣಿಸಿದರೆ ಅಷ್ಟೇ ಇರುತ್ತದೆ. ಮುಖ ನೋಡಿದರೆ ಬೇರೆ.

ಗೋಲ್ ಹಿಂದಿನ ಕಂಬಿ ಹಿಡಿದು ಯಾವಾಗಲೂ ಒಬ್ಬ ತಾತ, ಮೊಮ್ಮಗ ನಿಲ್ಲುತ್ತಿದ್ದರು. ಹುಡುಗನಿಗೆ ಎಂಟು ವರ್ಷ ಇರಬಹುದು. ಕಂಬಿಯ ಮೇಲೆ ಗಲ್ಲ ಊರುವಷ್ಟು ಎತ್ತರ ಹೋದ ವರ್ಷವಷ್ಟೇ ಬಂದಿದ್ದ. ನಮ್ಮ ಗೋಲ್‌ಕೀಪರ್ ಪ್ರತಿ ಸಲ ಆ ಕಡೆ ಹೋದಾಗ ಗ್ಲೌಸ್ ಹಾಕಿದ ಕೈಯಿಂದ ಅವನ ಟೋಪಿ ಮುಟ್ಟಿ ಹೋಗುತ್ತಿದ್ದ. ಅಕ್ಟೋಬರ್ ಆದಮೇಲೆ ಅವರಿಬ್ಬರೂ ಕಾಣಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡಿದ್ದೆ. ಒಂದು ದಿನ ಬಸ್ ಸ್ಟಾಪ್‌ನಲ್ಲಿ ತಾತ ಸಿಕ್ಕಿದರು. ಕೇಳಿದೆ.

"ಟಿಕೆಟ್‌ಗೆ ಹೇಗೋ ಹೊಂದಿಸ್ತೀನಿ" ಅಂದರು. "ಆದರೆ ಒಳಗೆ ಬಂದಮೇಲೆ ಹುಡುಗ ಚಿಪ್ಸ್ ಕೇಳ್ತಾನೆ. ಎಲ್ಲ ಮಕ್ಕಳ ಮುಂದೆ ಅವನಿಗೆ ಇಲ್ಲ ಅನ್ನೋಕೆ ನನಗಾಗಲ್ಲ. ಅದಕ್ಕೇ ಹೊರಡೋದೇ ಇಲ್ಲ."

ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ನಾವೆಲ್ಲ ಗೇಟ್ ದರ ಅಂತ ಒಂದೇ ಸಂಖ್ಯೆ ಹಿಡಿದು ಮಾತಾಡುತ್ತೇವೆ. ಮನೆಯಲ್ಲಿ ಕೂತವರು ಬಸ್ ಚಾರ್ಜು, ಗೇಟು, ಟೀ, ಚಿಪ್ಸು ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಆ ಮೊತ್ತ ಒಂದು ಗೆರೆ ದಾಟಿತು ಅಂದರೆ ಒಂದು ಪೌಂಡೂ ಖರ್ಚು ಮಾಡುವುದಿಲ್ಲ. ಸುಮ್ನೆ ಮನೆಯಲ್ಲೇ ಇದ್ದುಬಿಡುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಸುಲಭ ಆಗಲಿ ಅಂತ ಎಲ್ಲರೂ ಪೂರ್ತಿ ಟಿಕೆಟ್‌ನವರು ಅಂತಿಟ್ಟುಕೊಳ್ಳಿ. 300 ಜನ, 10 ಪೌಂಡ್. ಒಟ್ಟು 3,000. ದರ 12 ಮಾಡಿ, 40 ಜನ ಬಿಟ್ಟುಹೋದರು ಅಂದುಕೊಳ್ಳಿ. 260 ಜನ, 12 ಪೌಂಡ್. 3,120. ಸಿಕ್ಕಿದ್ದು 120 ಪೌಂಡ್ ಮಾತ್ರ. ಆ 40 ಜನ ಒಳಗೆ ಬಂದು ತಲೆಗೆ 4 ಪೌಂಡ್‌ನಂತೆ ಟೀ, ಪೈ, ಲಾಟರಿ ಚೀಟಿ ಕೊಳ್ಳುತ್ತಿದ್ದರು ಅಂದರೆ 160 ಹೋಯಿತು. ಅಲ್ಲಿಗೆ 40 ಪೌಂಡ್ ನಷ್ಟ. ಜೊತೆಗೆ ಗೋಲ್ ಹಿಂದೆ ನಿಲ್ಲುವ ಹುಡುಗ ಹೋದ. ಅವನು ಮುಂದೆ ಐವತ್ತು ವರ್ಷ ಬರಬೇಕಾಗಿದ್ದವನು. ಅವನನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ದರ ಇಳಿಸಿದರೆ ಜನ ಬರುತ್ತಾರೆ ಅನ್ನೋದಕ್ಕೆ ಬ್ರಾಡ್‌ಫರ್ಡ್ ಸಿಟಿ ಇದೆ. ಹಿಂದೆ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಕ್ಲಬ್ ಅದು. 2007ರಲ್ಲಿ ನಾಲ್ಕನೇ ಹಂತಕ್ಕೆ ಬಿತ್ತು. ಅಂಥ ಹೊತ್ತಲ್ಲಿ ಸೀಸನ್ ಟಿಕೆಟ್ ಬೆಲೆಯನ್ನು ಬಹಳ ಕಡಿಮೆ ಮಾಡಿದರು. ಕೆಳಗಿಳಿದ ಕ್ಲಬ್‌ಗೆ ಜನ ಕಡಿಮೆ ಆಗಬೇಕಲ್ವಾ? ಆ ಸೀಸನ್ ಸರಾಸರಿ 13 ಸಾವಿರ ದಾಟಿತು. ಅದು ದೊಡ್ಡ ಊರು, ದೊಡ್ಡ ಮೈದಾನ, ಒಪ್ಪುತ್ತೇನೆ. ನಮ್ಮಲ್ಲಿ ಅಷ್ಟು ಆಗಲ್ಲ. ಅಷ್ಟು ಬೇಕಾಗಿಯೂ ಇಲ್ಲ. ನಮಗೆ ಇನ್ನೂ 50 ಜನ ಬಂದರೆ ಸಾಕು.

ಕ್ಲಬ್ ಕೈಬಿಟ್ಟು ಹೋದರೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಗೊತ್ತಿದೆ. ಬರಿ ಅನ್ನುವ ಊರಿನ ಕ್ಲಬ್ 1885ರಲ್ಲಿ ಹುಟ್ಟಿದ್ದು. ದೇಶದ ದೊಡ್ಡ, ಸಣ್ಣ ಕ್ಲಬ್‌ಗಳು ಒಟ್ಟಿಗೆ ಆಡುವ ಎಫ್‌ಎ ಕಪ್ಪನ್ನು 1900ರಲ್ಲಿ, 1903ರಲ್ಲಿ ಗೆದ್ದಿತ್ತು. 2019ರ ಆಗಸ್ಟ್‌ನಲ್ಲಿ ಸಾಲದ ಗೊಂದಲದಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಮರುವರ್ಷ ಮ್ಯಾಕಲ್ಸ್‌ಫೀಲ್ಡ್ ಕ್ಲಬ್‌ಗೆ ಕೋರ್ಟ್‌ನಲ್ಲಿ ಬೀಗ ಬಿತ್ತು. ಎರಡು ಕಡೆಯೂ ಮತ್ತೆ ಕೆಳಗಿನಿಂದ ಶುರು ಮಾಡಿದರು, ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಒಬ್ಬ ಉದ್ಯಮಿ, ಬರಿಯಲ್ಲಿ ಅಭಿಮಾನಿಗಳೇ ಸೇರಿ. ಆ ಎರಡೂ ಕಡೆ ಮುಳುಗಿಸಿದ್ದು ಗೇಟ್ ದರ ಅಂತ ನಾನು ಹೇಳುತ್ತಿಲ್ಲ. ಬರಿಯಲ್ಲಿ ಮತ್ತೆ ಎಬ್ಬಿಸಿದವರು ಯಾರು ಅಂತ ನೋಡಿ, ಅಷ್ಟೇ. ವಾರ ವಾರ ಬಂದು ಕಂಬಿ ಹಿಡಿದು ನಿಲ್ಲುತ್ತಿದ್ದ ಜನ.

ಎಕ್ಸೆಟರ್ ಸಿಟಿಯದ್ದೂ ಹಾಗೆಯೇ. 2003ರಲ್ಲಿ ಅಭಿಮಾನಿಗಳ ಟ್ರಸ್ಟ್ ಆ ಕ್ಲಬ್ಬನ್ನು ಕೈಗೆತ್ತಿಕೊಂಡಿತು. 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡ್ ಟ್ರಾಫರ್ಡ್‌ನಲ್ಲಿ 0-0 ಡ್ರಾ. ಮರುಪಂದ್ಯ ಎಕ್ಸೆಟರ್‌ನಲ್ಲಿ. ಸೋತರು, ಆದರೆ ಆ ಎರಡು ಮ್ಯಾಚ್‌ಗಳ ದುಡ್ಡು ಕ್ಲಬ್ಬನ್ನು ಸಾಲದಿಂದ ಎತ್ತಿತು. 2024-25ರಿಂದ ಎಫ್‌ಎ ಕಪ್‌ನ ಮುಖ್ಯ ಹಂತದ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನು ತೆಗೆದುಹಾಕಿದ್ದಾರೆ. ದೊಡ್ಡ ಕ್ಲಬ್‌ಗಳ ಆಟಗಾರರಿಗೆ ಸುಸ್ತಾಗುತ್ತದಂತೆ. ನನಗೆ ಇದು ತುಂಬಾ ನೋವಿನ ವಿಷಯ. ಸಣ್ಣ ಕ್ಲಬ್‌ಗೆ ಹತ್ತು ವರ್ಷಕ್ಕೊಮ್ಮೆ ತೆರೆಯುತ್ತಿದ್ದ ಒಂದು ಬಾಗಿಲನ್ನೂ ಮುಚ್ಚಿದರು.

ಹಾಗಾದರೆ ದುಡ್ಡು ಎಲ್ಲಿಂದ ತರೋದು ಅಂತ ಖಜಾಂಚಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲು ಫ್ಲಡ್‌ಲೈಟ್. ಹಳೇ ದೀಪ ತೆಗೆದು ಎಲ್‌ಇಡಿ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆ. ಅದಕ್ಕೆ ಪ್ರೀಮಿಯರ್ ಲೀಗ್ ಸ್ಟೇಡಿಯಂ ಫಂಡ್‌ನಿಂದ ಅನುದಾನ ಸಿಗುತ್ತದೆ. ಅರ್ಜಿ ಉದ್ದ ಇದೆ, ನಾನೇ ಕೂತು ತುಂಬಿಕೊಡುತ್ತೇನೆ. ಆಮೇಲೆ ಮಂಗಳವಾರದ ಮ್ಯಾಚ್. ಹೇಗೂ ಜನ ಕಡಿಮೆ, ಆ ದಿನ ಕೈಲಾದಷ್ಟು ಕೊಡಿ ಅಂತ ಬಿಡೋಣ. ಬೇರೆ ಕ್ಲಬ್‌ಗಳು ಮಾಡಿ ನೋಡಿವೆ. ಮಕ್ಕಳಿಗೆ ಗೇಟ್ ಫ್ರೀ ಇರಲಿ, ಜೊತೆಗೆ ಒಂದು ಪ್ಲೇಟ್ ಚಿಪ್ಸ್. ಎಲ್ಲ ಮಕ್ಕಳಿಗೂ, ಯಾರಿಗೆ ಬೇಕು ಯಾರಿಗೆ ಬೇಡ ಅಂತ ಕೇಳದೆ. ಹಾಗೆ ಕೇಳಿದರೆ ತಾತ ಬರುವುದಿಲ್ಲ.

ನನ್ನಂತೆ ಸಂಬಳ ಕೈಗೆ ಬರುವವರು 12 ಏನು, 15 ಕೊಡೋಣ. ಕೊಡಲು ಇಷ್ಟ ಇರುವವರಿಗೆ ಬೇರೆ ಚೀಟಿ ಮಾಡಿ. ಆದರೆ ಗೇಟಿನ ಬೋರ್ಡ್ ಮೇಲಿನ 10 ಹಾಗೇ ಇರಲಿ.

ಗುರುವಾರ ಸಂಜೆ ಕಮಿಟಿ ಮೀಟಿಂಗ್ ಇದೆ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ತಾತನ ಮನೆಗೆ ಹೋಗಬೇಕು. ಮಳೆಗೆ ನಿಂತುಹೋದ ಮ್ಯಾಚ್ ಬರುವ ಮಂಗಳವಾರ ಇದೆ. ಹುಡುಗನಿಗೆ ಮಾರನೇ ದಿನ ಸ್ಕೂಲು ರಜೆಯಂತೆ.