ಗಾಯವಾದ ಮರುದಿನ ಆಟಗಾರ ಯಾರವನು?

ನಾನು ಮನೆ ಮಾಡಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಚಾಪೆಲ್ ಹಿಲ್, ಡರ್ಹಮ್, ರಾಲಿ ಮೂರೂ ಇಲ್ಲಿಂದ ಹತ್ತಿರ. ಮೂರಕ್ಕೂ ಒಂದೊಂದು ದೊಡ್ಡ ವಿಶ್ವವಿದ್ಯಾಲಯ, ಒಂದೊಂದು ಬಣ್ಣ, ಒಂದೊಂದು ಬ್ಯಾಸ್ಕೆಟ್‌ಬಾಲ್ ತಂಡ. ಮಾರ್ಚ್ ಬಂತೆಂದರೆ ಆಫೀಸಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಆ ತಿಂಗಳ ಟೂರ್ನಿಯ ಟಿವಿ ಹಕ್ಕಿನಿಂದಲೇ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆಗೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಬರುತ್ತದೆ. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯ 2024ರ ಡಿಸೆಂಬರಿನಲ್ಲಿ ಬಿಲ್ ಬೆಲಿಚಿಕ್ ಅವರನ್ನು ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಹಿಡಿದು ಓಡುವ ಆಟ) ಕೋಚ್ ಆಗಿ ಕರೆತಂದಾಗ ಒಪ್ಪಿಕೊಂಡ ಸಂಬಳ ವರ್ಷಕ್ಕೆ 1 ಕೋಟಿ ಡಾಲರ್. ಅದು ಖಾಸಗಿ ಕ್ಲಬ್ ಅಲ್ಲ, ಸರ್ಕಾರಿ ವಿಶ್ವವಿದ್ಯಾಲಯ.

ಮೈಸೂರಿನಲ್ಲಿ ಹುಟ್ಟಿ ಈ ದೇಶದಲ್ಲಿ ಬೆಳೆದ ನಮ್ಮ ವಿಕಾಸ್ ಗೌಡ ಇದೇ ಚಾಪೆಲ್ ಹಿಲ್ ಪರವಾಗಿ 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್ ಆದವರು. ಮುಂದೆ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟರು. ಹಾಗಾಗಿ ಇಲ್ಲಿನ ಕಾಲೇಜು ಕ್ರೀಡೆಯಿಂದ ನಮಗೂ ಉಪಕಾರವಾಗಿದೆ, ಅದನ್ನು ಮರೆತು ಬರೆಯುತ್ತಿಲ್ಲ. ಆದರೆ ಆಡುವ ಹುಡುಗ ಹುಡುಗಿಯರಿಗೆ ಏನು ಸಲ್ಲಬೇಕು ಎಂಬ ವಿಷಯದಲ್ಲಿ ಇಲ್ಲಿ ನಡೆಯುತ್ತಿರುವ ವಾದ ಪೂರ್ತಿ ದುಡ್ಡಿನ ಕಡೆಗೆ ವಾಲಿಬಿಟ್ಟಿದೆ. ಯಾರಿಗೆ ಎಷ್ಟು ಲಕ್ಷ ಡಾಲರ್, ಯಾವ ಕಾಲೇಜು ಎಷ್ಟು ಕೊಟ್ಟು ಯಾರನ್ನು ಸೆಳೆಯಿತು ಎನ್ನುವುದೇ ಸುದ್ದಿ. ನಾನು ನೋಡುವುದು ಬೇರೆ ಕಡೆಯಿಂದ. ಮೊಣಕಾಲು ತಿರುಚಿಕೊಂಡ ಮರುದಿನ ಆ ಹುಡುಗಿ ಯಾರ ಜವಾಬ್ದಾರಿ? ಅಮೆರಿಕವಾಗಲಿ, ಕರ್ನಾಟಕವಾಗಲಿ, ಈ ಪ್ರಶ್ನೆಗೆ ಕೊಡುವ ಉತ್ತರದಿಂದಲೇ ವ್ಯವಸ್ಥೆಯನ್ನು ಅಳೆಯಬೇಕು.

ಇದು ನಾನು ಕಟ್ಟಿಕೊಂಡ ಪ್ರಶ್ನೆಯಲ್ಲ. ಇಲ್ಲಿನ ನಿಯಮಗಳ ಬುಡದಲ್ಲೇ ಇದೆ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಎಂಬ ಸಣ್ಣ ಕಾಲೇಜಿನ ಪರ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಹೆಂಡತಿ, ಕಾರ್ಮಿಕರ ಕುಟುಂಬಕ್ಕೆ ಸಿಗುವ ಪರಿಹಾರ ತಮಗೂ ಸಿಗಬೇಕೆಂದು ಕೇಳಿದರು. 1957ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲ, ಹಾಗಾಗಿ ಆಡಿದವನು ಅದರ ಕೆಲಸಗಾರನಲ್ಲ ಎನ್ನುವುದು ತೀರ್ಪಿನ ಸಾರ. ಆ ಕಾಲದಲ್ಲಿ ಎನ್‌ಸಿಎಎ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್, ಇಂಥ ಪರಿಹಾರದ ಬೇಡಿಕೆಗಳು ಬರದಂತೆ ತಡೆಯಲೆಂದೇ ‘ಸ್ಟೂಡೆಂಟ್ ಅಥ್ಲೀಟ್’ ಎಂಬ ಹೆಸರನ್ನು ಎಲ್ಲ ಕಡೆ ಬಳಸುವಂತೆ ಮಾಡಿದ್ದಾಗಿ ನಿವೃತ್ತಿಯ ನಂತರ ತಾವೇ ಬರೆದರು. 1974ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯ ಕೆಂಟ್ ವಾಲ್ಡ್ರೆಪ್ ಪಂದ್ಯದ ನಡುವೆ ಕುತ್ತಿಗೆ ಮುರಿದುಕೊಂಡು, ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅವರ ಪರಿಹಾರದ ಮೊಕದ್ದಮೆಯೂ 2000ದಲ್ಲಿ ಸೋಲಿನಲ್ಲೇ ಮುಗಿಯಿತು. ಸ್ಕಾಲರ್‌ಶಿಪ್ ಸಂಬಳವಲ್ಲ, ವಿದ್ಯಾರ್ಥಿ ನೌಕರನಲ್ಲ ಎಂಬುದೇ ಕಾರಣ.

ಆ ಸ್ಕಾಲರ್‌ಶಿಪ್‌ನದೂ ಒಂದು ಕಥೆಯಿದೆ. 1973ರಿಂದ ಬಹುಕಾಲ ಅದನ್ನು ಒಂದೊಂದೇ ವರ್ಷಕ್ಕೆ ಕೊಡುವ ನಿಯಮವಿತ್ತು. ವರ್ಷ ಮುಗಿದ ಮೇಲೆ ಕೋಚ್ ಮನಸ್ಸು ಮಾಡಿದರೆ ಮುಂದುವರಿಕೆ, ಇಲ್ಲದಿದ್ದರೆ ಇಲ್ಲ. ಗಾಯಗೊಂಡ ಹುಡುಗನ ಮೇಲೆ ಆ ನಿಯಮ ಎಷ್ಟು ಭಾರ ಹೊರಿಸಿತ್ತೆಂದು ಬೇರೆ ಹೇಳಬೇಕಿಲ್ಲ. ಊಟದ ವಿಷಯದಲ್ಲಂತೂ ನಿಯಮಪುಸ್ತಕ ಕರುಣೆಯಿಲ್ಲದಷ್ಟು ಕರಾರುವಾಕ್ಕಾಗಿತ್ತು. ಆಟಗಾರರಿಗೆ ತಿಂಡಿಯಾಗಿ ಹಣ್ಣು, ಬೀಜ, ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡು ಕೊಡಬಹುದಿತ್ತು. ಬೇಗಲ್ ಮೇಲೆ ಸವರುವ ಚೀಸ್ ಕೊಡುವಂತಿರಲಿಲ್ಲ. 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ಗೆಲ್ಲಿಸಿದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದು ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ ಮೇಲೆ, ಅದೇ ಏಪ್ರಿಲ್‌ನಲ್ಲಿ ಊಟದ ಮಿತಿಯನ್ನು ತೆಗೆದುಹಾಕಿದರು.

ಆಮೇಲೆ ಕೋರ್ಟುಗಳು ಒಂದೊಂದೇ ಕಟ್ಟು ಬಿಚ್ಚುತ್ತಾ ಬಂದವು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ನಿಂತರು. ಓದಿಗೆ ಸಂಬಂಧಪಟ್ಟ ಸೌಲಭ್ಯಗಳಿಗೆ ಹಾಕಿದ್ದ ಮಿತಿ ಬಿತ್ತು. ಅದೇ ವರ್ಷ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಲು ಆಟಗಾರರಿಗೆ ಅನುಮತಿ ಸಿಕ್ಕಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ‘ಹೌಸ್’ ಎಂಬ ಮೊಕದ್ದಮೆಯ ರಾಜಿ ಒಪ್ಪಂದದ ನಂತರ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಿಸಲೂ ಒಪ್ಪಿಕೊಂಡಿದ್ದಾರೆ. ಇದರಲ್ಲಿ ನ್ಯಾಯವಿದೆ. ದುಡಿದವರಿಗೆ ದುಡಿಮೆಯ ಪಾಲು ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಆ ಪಾಲಿನ ಬಹುಭಾಗ ಹೋಗುವುದು ಫುಟ್‌ಬಾಲ್‌ಗೆ, ಮಿಕ್ಕದ್ದರಲ್ಲಿ ದೊಡ್ಡ ತುತ್ತು ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ. ಈಜು, ಅಥ್ಲೆಟಿಕ್ಸ್, ಟೆನಿಸ್, ಅಂದರೆ ನಮ್ಮ ಕಡೆಯ ಮಕ್ಕಳು ಬರುವ ಆಟಗಳಿಗೆ, ಚೂರುಪಾರು.

ಬಸವನಗುಡಿಯಲ್ಲಿ ಈಜು ಕಲಿತ ನನ್ನ ಗೆಳೆಯನ ಮಗ ಈ ಕಡೆಯ ಒಂದು ಕಾಲೇಜಿಗೆ ಈಜಿನ ಸ್ಕಾಲರ್‌ಶಿಪ್ ಮೇಲೆ ಬಂದ. ಗೆಳೆಯ ಫೋನ್ ಮಾಡಿ, “ನೀನೇ ಸ್ವಲ್ಪ ಕೂತು ಪೇಪರ್ ನೋಡಿಬಿಡಪ್ಪಾ” ಎಂದ. ನೋಡಿದೆ. ಊರಲ್ಲಿ ಎಲ್ಲರೂ ಫುಲ್ ಸ್ಕಾಲರ್‌ಶಿಪ್ ಎಂದುಕೊಂಡಿದ್ದರು. ನಿಜದಲ್ಲಿ ಹುಡುಗರ ಈಜು ತಂಡವೊಂದಕ್ಕೆ ಆಗ ನಿಯಮದ ಪ್ರಕಾರ ಇದ್ದದ್ದು 9.9 ಸ್ಕಾಲರ್‌ಶಿಪ್ ಮಾತ್ರ. ಅದನ್ನೇ ಇಡೀ ತಂಡಕ್ಕೆ ಹಂಚಬೇಕು. ಇವನ ಪಾಲಿಗೆ ಬಂದದ್ದು ಸುಮಾರು ಅರ್ಧ. ಅದರಲ್ಲಿ ಟ್ಯೂಷನ್ ಫೀಸಿಗೆ ಹೋದ ಭಾಗಕ್ಕೆ ತೆರಿಗೆಯಿಲ್ಲ, ಹಾಸ್ಟೆಲ್ ಮತ್ತು ಊಟಕ್ಕೆ ಹೋದ ಭಾಗಕ್ಕೆ ಇದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಆ ಭಾಗದ ಮೇಲೆ ಶೇ 14 ಮೊದಲೇ ಹಿಡಿಯುತ್ತಾರೆ. ಸ್ಕಾಲರ್‌ಶಿಪ್ ಬಂದ ತಿಂಗಳೇ ಅವನ ಸ್ಟೂಡೆಂಟ್ ಅಕೌಂಟ್‌ನಲ್ಲಿ ಬಾಕಿ ತೋರಿಸತೊಡಗಿತು. “ಅಂಕಲ್, ನಾನೇನೂ ಖರ್ಚೇ ಮಾಡಿಲ್ಲ” ಎಂದು ಗಾಬರಿಯಾಗಿ ಫೋನ್ ಮಾಡಿದ. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ರಿಟರ್ನ್ ಹಾಕಿದರೆ ಹಿಡಿದದ್ದರಲ್ಲಿ ಒಳ್ಳೆಯ ಪಾಲು ವಾಪಸ್ ಬರುತ್ತದೆ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇದನ್ನು ಈಗಲೇ ತಿಳಿದಿಟ್ಟುಕೊಳ್ಳಿ. ಪಕ್ಕದ ಲೇನಿನಲ್ಲಿ ಈಜುವ ಅಮೆರಿಕದ ಹುಡುಗ ಇನ್‌ಸ್ಟಾಗ್ರಾಂನಲ್ಲಿ ಒಂದು ಪ್ರೋಟೀನ್ ಪುಡಿ ಹಿಡಿದು ನಿಂತು ದುಡ್ಡು ಮಾಡಬಹುದು. ಇವನು ಹಾಗೆ ಮಾಡಲು ಹೋದರೆ ವೀಸಾಕ್ಕೇ ಕುತ್ತು. ವಿದ್ಯಾರ್ಥಿ ವೀಸಾದವರಿಗೆ ಪಾಠ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯ ಕೆಲಸ, ಅಷ್ಟಕ್ಕೇ ಮಿತಿ. ಎರಡನೇ ವರ್ಷ ಅವನ ಭುಜ ನೋಯತೊಡಗಿತು. ಸ್ಕ್ಯಾನ್, ಫಿಸಿಯೊ, ತಿಂಗಳುಗಟ್ಟಲೆ ವಿಶ್ರಾಂತಿ ಎಲ್ಲವನ್ನೂ ಕಾಲೇಜೇ ನೋಡಿಕೊಂಡಿತು. ಅಷ್ಟನ್ನು ನಾನು ಕಣ್ಣಾರೆ ಕಂಡೆ, ಮೆಚ್ಚಿದೆ.

ಇಲ್ಲಿನ ಸುಧಾರಣೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೋಟಿಗಳ ಲೆಕ್ಕವಲ್ಲ, ಯಾರೂ ಹೆಚ್ಚು ಮಾತಾಡದ ಇನ್ನೊಂದು. 2024ರ ಆಗಸ್ಟ್‌ನಿಂದ, ಕಾಲೇಜಿಗೆ ಆಡುವಾಗ ಆದ ಗಾಯಕ್ಕೆ, ಆಟ ಬಿಟ್ಟ ಮೇಲೂ ಎರಡು ವರ್ಷದವರೆಗೆ ಒಂದು ಗಾಯಕ್ಕೆ 90,000 ಡಾಲರ್‌ವರೆಗೆ ವಿಮೆ ಇದೆ. ಮೇಲ್ದರ್ಜೆಯ ಕಾಲೇಜುಗಳಲ್ಲಿ ಆಟ ಕಳೆಗುಂದಿತೆಂದು ಅಥವಾ ಗಾಯವಾಯಿತೆಂದು ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ. ಡೆನಿಸನ್ ಅವರ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಿ ಹತ್ತಿರ ಹತ್ತಿರ ಎಪ್ಪತ್ತು ವರ್ಷವಾದ ಮೇಲೆ ಬಂದ ನಿಯಮವಿದು. ಎರಡೇ ವರ್ಷ ಎನ್ನುವುದು ಸಾಲದು. ಮೊಣಕಾಲಿನ ಗಾಯ ಮೂವತ್ತೈದು ನಲವತ್ತರ ವಯಸ್ಸಿಗೆ ಸಂಧಿವಾತವಾಗಿ ಮತ್ತೆ ಬಾಗಿಲು ತಟ್ಟುತ್ತದೆ. ಆದರೂ ಮೊದಲ ಹೆಜ್ಜೆ.

ಈಗ ನಮ್ಮ ಕಡೆಗೆ ಬರುತ್ತೇನೆ. ನನ್ನ ಅಕ್ಕನ ಮಗಳು ವಿಶ್ವವಿದ್ಯಾಲಯದ ತಂಡದಲ್ಲಿ ಕಬಡ್ಡಿ ಆಡುತ್ತಿದ್ದಳು, ರೇಡರ್. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಸ್ಲೀಪರ್ ಬೋಗಿಯಲ್ಲಿ ಹೋಗಿ, ಅಲ್ಲಿಯ ಹಾಸ್ಟೆಲಿನ ನೆಲದ ಮೇಲೆ ಮಲಗಿ, ಎರಡನೇ ಪಂದ್ಯದಲ್ಲಿ ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರು ಹರಿದುಕೊಂಡು ಬಂದಳು. ಕಾಲೇಜಿನಿಂದ ಹಾಜರಾತಿ ಕೊಟ್ಟರು, ಟ್ರ್ಯಾಕ್‌ಸೂಟ್ ಕೊಟ್ಟಿದ್ದರು, ದಿನಭತ್ಯೆ ಆಮೇಲೆ ಬಂತು. ಆಪರೇಷನ್ನಿನ ದುಡ್ಡಿಗೆ ಅಕ್ಕ ಬಳೆ ಅಡವಿಟ್ಟಳು. “ಮಾಮ, ಪದಕದ ಸರ್ಟಿಫಿಕೇಟ್ ಒಂದು ಸಿಕ್ಕಿದ್ರೆ ರೈಲ್ವೆಗಾದ್ರೂ ಅರ್ಜಿ ಹಾಕ್ತಿದ್ದೆ” ಎಂದು ಅವಳು ಅಂದದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಇಪ್ಪತ್ತೊಂದು ವರ್ಷದ ಹುಡುಗಿಗೆ ಮೊಣಕಾಲಿನ ನೋವಿಗಿಂತ ಕಾಗದದ ಚಿಂತೆ ಹೆಚ್ಚಾಗಿತ್ತು.

ಯಾಕೆಂದರೆ ನಮ್ಮಲ್ಲಿ ಆಟದ ಫಲ ಇರುವುದು ಓದು ಮುಗಿದ ಮೇಲೆ. ರೈಲ್ವೆ, ಪೊಲೀಸ್, ಬ್ಯಾಂಕು, ಸೇನೆಗಳಲ್ಲಿ ಕ್ರೀಡಾ ಕೋಟಾ ಇದೆ. ಸಿಇಟಿಯಲ್ಲೂ ಕ್ರೀಡಾ ಕೋಟಾದ ಸೀಟುಗಳಿವೆ. ಕ್ರೀಡಾ ಕೋಟಾದ ನೌಕರಿಯನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೈಲ್ವೆ ತಂಡಕ್ಕೆ ಆಡುವ ಹುಡುಗಿಗೆ ತಿಂಗಳ ಸಂಬಳವಿದೆ, ಅಭ್ಯಾಸಕ್ಕೆ ರಜೆಯಿದೆ, ಮಂಡಿ ಹೋದರೆ ರೈಲ್ವೆ ಆಸ್ಪತ್ರೆಯಿದೆ, ಆಟ ನಿಂತರೂ ಕೆಲಸ ನಿಲ್ಲುವುದಿಲ್ಲ. ಅಮೆರಿಕದ ಅತಿ ಶ್ರೀಮಂತ ಕಾಲೇಜಿನ ಆಟಗಾರನಿಗೂ ಈ ಕೊನೆಯ ಮಾತನ್ನು ಯಾರೂ ಕೊಡುವುದಿಲ್ಲ. ನೌಕರ ಎಂಬ ಸ್ಥಾನದ ಬೆಲೆ ನಮ್ಮ ಊರಿನ ಕಬಡ್ಡಿ ಹುಡುಗಿಯರಿಗೆ ಗೊತ್ತಿರುವಷ್ಟು ಇಲ್ಲಿನ ಸಂಸದರಿಗೆ ಗೊತ್ತಿಲ್ಲ ಎಂದೇ ನನ್ನ ನಂಬಿಕೆ.

ಕೊರತೆಯಿರುವುದು ಅದಕ್ಕೆ ಮುಂಚಿನ ನಾಲ್ಕೈದು ವರ್ಷಗಳಲ್ಲಿ, ದೇಹ ಅತಿ ಹೆಚ್ಚು ದಣಿಯುವ ಆ ವರ್ಷಗಳಲ್ಲಿ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ಮೌಲ್ಯದ ನೆರವಿದೆ. ಅದರಲ್ಲಿ ತಿಂಗಳಿಗೆ 10,000 ಕೈಗೆ ಬರುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಬಿರದವರು, ಖೇಲೋ ಇಂಡಿಯಾದವರು, ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿರುವವರು ಸೇರಿ 13,000ಕ್ಕೂ ಹೆಚ್ಚು ಜನರಿಗೆ 5 ಲಕ್ಷದ ಆರೋಗ್ಯ ವಿಮೆ ಘೋಷಿಸಿದರು. ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳಿವೆ. ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಉಚಿತವಾಗಿ ಕೊಡುತ್ತಾರೆ. ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಹೆಸರು ಮಾಡಿದ್ದರಲ್ಲಿ ಅದರ ಪಾಲು ದೊಡ್ಡದು. ಇವುಗಳ ಹೊರಗೆ ಉಳಿದವರು, ಅಂದರೆ ಸಾಧಾರಣ ಪದವಿ ಕಾಲೇಜಿನಿಂದ ವಿಶ್ವವಿದ್ಯಾಲಯದ ಜೆರ್ಸಿ ಹಾಕಿಕೊಂಡು ಹೋಗುವ ಬಹುಪಾಲು ಮಕ್ಕಳು, ಗಾಯವಾದರೆ ಅಪ್ಪ ಅಮ್ಮಂದಿರ ಹೊಣೆ.

ಓದೇ ದೊಡ್ಡ ಪ್ರತಿಫಲ, ದುಡ್ಡೇಕೆ ಎಂದು ಇಲ್ಲಿಯೂ ಅಲ್ಲಿಯೂ ಹೇಳುವವರಿದ್ದಾರೆ. ಓದು ನಿಜವಾಗಿ ಸಿಕ್ಕರೆ ನಾನೂ ಒಪ್ಪುತ್ತೇನೆ. ಆದರೆ ಇದೇ ಚಾಪೆಲ್ ಹಿಲ್‌ನಲ್ಲಿ 18 ವರ್ಷ ಕಾಲ, ತರಗತಿಯೇ ನಡೆಯದ ಕೋರ್ಸುಗಳಲ್ಲಿ 3,100ರಷ್ಟು ವಿದ್ಯಾರ್ಥಿಗಳಿಗೆ ಅಂಕ ಕೊಟ್ಟಿದ್ದರೆಂದು 2014ರ ತನಿಖಾ ವರದಿ ಹೇಳಿತು. ಅವರಲ್ಲಿ ಅರ್ಧದ ಹತ್ತಿರ ಹತ್ತಿರ ಕ್ರೀಡಾಪಟುಗಳು. ಮೂರು ವರ್ಷದ ನಂತರ ಎನ್‌ಸಿಎಎ ಇದು ತನ್ನ ನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಬಿಟ್ಟಿತು. ಬೇಗಲ್ ಮೇಲಿನ ಚೀಸನ್ನೂ ಲೆಕ್ಕ ಇಟ್ಟವರಿಗೆ ನಡೆಯದ ತರಗತಿ ಲೆಕ್ಕಕ್ಕೆ ಬರಲಿಲ್ಲ. ನಮ್ಮಲ್ಲೂ ಹಾಜರಾತಿ ಕೊಟ್ಟು ಕೈತೊಳೆದುಕೊಳ್ಳುವುದು ಅದೇ ಜಾತಿಯದು. ಆಟಕ್ಕೆ ಹೋದ ದಿನಗಳ ಪಾಠವನ್ನು ಮತ್ತೆ ಹೇಳಿಕೊಡುವವರು ಎಷ್ಟು ಕಾಲೇಜುಗಳಲ್ಲಿದ್ದಾರೆ?

ನೌಕರರೋ ಅಲ್ಲವೋ ಎಂಬ ವಾದ ಇಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13–2 ಮತಗಳಿಂದ ಯೂನಿಯನ್ ಕಟ್ಟಿದರು. ರಾಜಕೀಯ ಗಾಳಿ ತಿರುಗಿದ್ದು ನೋಡಿ ವರ್ಷದ ಕೊನೆಗೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು. ನಾರ್ತ್ ಕ್ಯಾರೊಲೈನಾದಲ್ಲಿ 1959ರಿಂದ ಸರ್ಕಾರಿ ನೌಕರರ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಳ್ಳುವುದಕ್ಕೇ ಕಾನೂನಿನ ತಡೆಯಿದೆ. ಹಾಗಾಗಿ ನಾಳೆ ನೌಕರರೆಂದು ಒಪ್ಪಿದರೂ ಚಾಪೆಲ್ ಹಿಲ್‌ನವರು ಸಾಮೂಹಿಕವಾಗಿ ಸಂಬಳ ಕೇಳುವಂತಿಲ್ಲ. ವಿದೇಶಿ ವಿದ್ಯಾರ್ಥಿಗಳ ಗತಿ ಇನ್ನೂ ತೊಡಕು. ನೌಕರಿಯಾಗಿಬಿಟ್ಟರೆ ವೀಸಾದ 20 ಗಂಟೆಯ ಮಿತಿ ಅವರ ಅಭ್ಯಾಸದ ಮೇಲೇ ಬೀಳಬಹುದು. ಕೋಟಿಗಟ್ಟಲೆ ತರುವ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡದವರನ್ನು ನೌಕರರೆಂದು ಒಪ್ಪಿಕೊಳ್ಳಲಿ ಎನ್ನುವುದು ನನ್ನ ಅನಿಸಿಕೆ. ಉಳಿದ ಆಟಗಳವರಿಗೆ ಆ ಪಟ್ಟ ಬೇಡ. ಆದರೆ ಗಾಯದ ಹೊಣೆ ಎಲ್ಲರದ್ದೂ ಒಂದೇ ಇರಲಿ, ಪಟ್ಟ ಯಾವುದಾದರೂ.

ಕರ್ನಾಟಕದಲ್ಲಿ ಇದಕ್ಕೆ ಕೋರ್ಟು, ಕೋಟಿ ಎರಡೂ ಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಆಡುವವರು, ಆಡದವರು ಎನ್ನದೆ ವಿದ್ಯಾರ್ಥಿಗಳಿಂದ ಪ್ರವೇಶದ ಹೊತ್ತಿಗೇ ಕ್ರೀಡಾ ಶುಲ್ಕ ತೆಗೆದುಕೊಳ್ಳುತ್ತವೆ. ಅದರಲ್ಲೊಂದು ಪಾಲನ್ನು ತಂಡಕ್ಕೆ ಆಯ್ಕೆಯಾದವರ ಗುಂಪು ವಿಮೆಗೆ ಎತ್ತಿಡಬಹುದು. ಆಪರೇಷನ್ ಮಾತ್ರವಲ್ಲ, ಆಮೇಲಿನ ಆರೆಂಟು ತಿಂಗಳ ಫಿಸಿಯೊಥೆರಪಿಯೂ ಅದರೊಳಗೆ ಬರಬೇಕು. ಎಸಿಎಲ್ ಆದವರಿಗೆ ಗೊತ್ತು, ಕಾಲು ಮರಳಿ ಬರುವುದು ಅಲ್ಲಿ. ಟೂರ್ನಿಗೆ ಹೋಗುವ ಮುಂಚೆ ದೈಹಿಕ ಶಿಕ್ಷಣ ನಿರ್ದೇಶಕರು ತುಂಬುವ ಎಲಿಜಿಬಿಲಿಟಿ ಪ್ರೊಫಾರ್ಮಾದಲ್ಲಿ ಹುಟ್ಟಿದ ದಿನಾಂಕ, ಪಿಯುಸಿ ಮುಗಿಸಿದ ವರ್ಷ ಎಲ್ಲಕ್ಕೂ ಜಾಗವಿದೆ. ಅಲ್ಲೇ ವಿಮೆಯ ಪಾಲಿಸಿ ನಂಬರಿಗೂ ಒಂದು ಕಾಲಂ ಹಾಕಲಿ, ಅದು ಖಾಲಿಯಿದ್ದರೆ ತಂಡಕ್ಕೆ ಪ್ರವೇಶವಿಲ್ಲ ಎನ್ನಲಿ. ಇದನ್ನೇ ಬರೆದು ನಾನು ಓದಿದ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸುತ್ತಿದ್ದೇನೆ. ನೀವು ಓದಿದ ವಿಶ್ವವಿದ್ಯಾಲಯಕ್ಕೆ ನೀವೂ ಬರೆಯಿರಿ. ಜೂನ್‌ನಲ್ಲಿ ಪ್ರವೇಶ ಶುರುವಾಗುವ ಮೊದಲು ಬರೆದರೆ ಈ ವರ್ಷದ ತಂಡಗಳಿಗೇ ಆದೀತು.