ಅದು ಬರೀ ಗ್ಯಾಸು ಕಣ್ರೀ

ಟೀವಿಯವರು ಹೃದಯಾಘಾತದ ಸುದ್ದಿ ಮತ್ತೆ ಶುರುಹಚ್ಚಿಕೊಂಡಿದ್ದಾರೆ. ಯಾರೋ ಪಾಪ ನಿಂತಲ್ಲೇ ಕುಸಿದ ಸಿಸಿಟಿವಿ ದೃಶ್ಯ, ಅದರ ಸುತ್ತ ಕೆಂಪು ವೃತ್ತ, ಹಿನ್ನೆಲೆಯಲ್ಲಿ ಲಬ್ ಡಬ್ ಸದ್ದು, ಮುಂದಿನದು ನಿಮ್ಮದೇ ಇರಬಹುದು, ಬ್ರೇಕ್ ಆದಮೇಲೆ ನೋಡಿ ಎಂಬ ಆಶೀರ್ವಾದ. ಮುಂದೇನಾಗುತ್ತದೆ ಅನ್ನೋದು ಬೆಂಗಳೂರಿಗೆ ಬಾಯಿಪಾಠ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಆಗಿದ್ದು ಅದೇ. 2025ರ ಜುಲೈನಲ್ಲಿ ಹಾಸನದ ಸಾಲು ಹೃದಯಾಘಾತದ ಸುದ್ದಿ ಬಂದಾಗ ಆಗಿದ್ದೂ ಅದೇ. ಬೆಳಕು ಹರಿಯುವ ಹೊತ್ತಿಗೆ ಜಯದೇವ ಆಸ್ಪತ್ರೆ ಮುಂದೆ ಹನುಮಂತನ ಬಾಲ. ಕೋವಿಡ್ ಲಸಿಕೆಯದೂ ಪಾಲಿರಬಹುದು ಅಂತ ಮುಖ್ಯಮಂತ್ರಿಗಳು ಒಂದು ಒಗ್ಗರಣೆ ಹಾಕಿದರು. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಕೂತು ನೋಡಿ, ಹಾಗೇನೂ ನೇರ ಸಂಬಂಧ ಕಾಣುತ್ತಿಲ್ಲ ಅಂದಿತು. ಅಷ್ಟರಲ್ಲಿ ಚಾನೆಲ್‌ಗಳಿಗೆ ಬೇರೆ ಸುದ್ದಿ ಸಿಕ್ಕಿತ್ತು. ಎದೆ ತಾನಾಗಿ ಸರಿಹೋಯಿತು.

ಈ ಸಾಲಿಗೆ ದೊಡ್ಡದೊಂದು ನಮಸ್ಕಾರ ಹಾಕಲೇಬೇಕು. ಎದೆನೋವಿಲ್ಲ, ಏದುಸಿರಿಲ್ಲ, ಕಾಲು ಊದಿಲ್ಲ. ಎರಡು ಇಡ್ಲಿ ಒಂದು ವಡೆ ಮುಗಿಸಿ ಬಂದು ಮೂರು ಗಂಟೆ ಬಿಸಿಲಲ್ಲಿ ನಿಲ್ಲುವ ತಾಕತ್ತಿದೆ. ನಡುವೆ ನುಗ್ಗಿದವನ ಜೊತೆ ಏರುದನಿಯಲ್ಲಿ ಜಗಳವಾಡುವ ಉಸಿರೂ ಇದೆ. ಈಗ ಹಳದಿ ಮಾರ್ಗದಲ್ಲಿ ಆಸ್ಪತ್ರೆ ಹೆಸರಿನದೇ ಮೆಟ್ರೋ ಸ್ಟೇಷನ್ ಬೇರೆ ಬಂದಿದೆ, ಇನ್ನೇನು ಬೇಕು. ಒಂದು ಇಸಿಜಿ ತೆಗೆಸಿಕೊಂಡು ಹೋಗೋಣ ಅಂತ.

ಇಸಿಜಿ ಅಂದರೆ ಮೈಮೇಲೆ 10 ಕಡೆ ವೈರು ಅಂಟಿಸಿ, ಹೃದಯದ ವಿದ್ಯುತ್ತನ್ನು ಸುಮಾರು 10 ಸೆಕೆಂಡು ಕಾಗದದ ಮೇಲೆ ಗೀಚಿಸುವುದು. ಆ 10 ಸೆಕೆಂಡಿನಲ್ಲಿ ಹೃದಯ ಒದ್ದಾಡುತ್ತಿದ್ದರೆ ಗೊತ್ತಾಗಬಹುದು. ರಕ್ತನಾಳದೊಳಗೆ ವರ್ಷಗಟ್ಟಲೆ ಕೂತು ಅರ್ಧ ದಾರಿ ಮುಚ್ಚಿರುವ ಕೊಬ್ಬು ಅದರಲ್ಲಿ ಕಾಣದೇ ಹೋಗಬಹುದು. ನಾಳೆ ಏನಾಗುತ್ತದೆ ಅನ್ನೋದನ್ನು ಅದು ಹೇಳುವುದೇ ಇಲ್ಲ, ಅದಕ್ಕೆ ಬೆಳಗ್ಗೆ ಟೀವಿಯಲ್ಲಿ ಬರುವ ಗುರೂಜಿಗಳೇ ಬೇಕು. ಆದರೂ ‘ನಾರ್ಮಲ್’ ಎಂಬ ಚೀಟಿ ಕೈಗೆ ಬಂದ ತಕ್ಷಣ ನಮ್ಮವರು ಮಾಡುವ ಮೊದಲ ಕೆಲಸ ಎದುರಿನ ಗೂಡಂಗಡಿಗೆ ಹೋಗಿ ಟೀ ಜೊತೆ ಒಂದು ಹಚ್ಚುವುದು. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಬಿಟ್ಟಿ ನೋಡುತ್ತಾರೆ. ಅಲ್ಲಿ ಕ್ಯೂ ಇಲ್ಲ. ಕ್ಯಾಮೆರಾ ಕೂಡ ಇಲ್ಲ, ಹಾಗಾಗಿ ಯಾರೂ ಹೋಗುವುದಿಲ್ಲ.

ಹಾಗಾದರೆ ನಿಜವಾಗಿ ಎದೆ ನೋಯುತ್ತಿರುವವರು ಎಲ್ಲಿದ್ದಾರೆ? ಮನೆಯಲ್ಲಿ. ಸೋಫಾದ ತುದಿಯಲ್ಲಿ ಕೂತು ಈನೋ ಕುಡಿಯುತ್ತಿದ್ದಾರೆ.

ನಮ್ಮೂರಿನಲ್ಲಿ ರಾತ್ರಿ ಎರಡು ಗಂಟೆಯ ಎದೆನೋವಿಗೆಲ್ಲ ಒಂದೇ ಹೆಸರು, ಗ್ಯಾಸು. “ರೀ, ಆ ಮೆಣಸಿನಕಾಯಿ ಬಜ್ಜಿ ಬೇಡ ಅಂತ ಬಡ್ಕೊಂಡೆ.” “ಅಪ್ಪ, ಸೋಡಾ ತರ್ಲಾ?” ಈನೋ ಆಯಿತು, ಜೀರಿಗೆ ಕಷಾಯ ಆಯಿತು, ಪ್ಯಾಂಟೊಪ್ರಜೋಲ್ ಆಯಿತು. ಬೆನ್ನಿಗೆ ನಾಲ್ಕು ಗುದ್ದು. ಕೊನೆಗೊಂದು ತೇಗು ಬಂದರೆ ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ: ನೋಡಿದ್ರಾ, ಹೇಳಲಿಲ್ವಾ! ಆ ತೇಗನ್ನು ನಂಬಬಾರದು ಸ್ವಾಮಿ. ಹೃದಯದ ಕೆಳಗೋಡೆ ಕೂತಿರುವುದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಮೇಲೆ, ಅದರ ಕೆಳಗಿರುವುದೇ ಹೊಟ್ಟೆ. ಎರಡರ ನರಗಳೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸುದ್ದಿ ಒಯ್ಯುವುದರಿಂದ ಯಾವುದು ಎಲ್ಲಿಯ ನೋವು ಎಂದು ಮಿದುಳಿಗೇ ಗಲಿಬಿಲಿ. ಆ ಕೆಳಗೋಡೆಗೆ ರಕ್ತ ಬರುವುದು ನಿಂತಾಗ ವಾಂತಿ, ಹೊಟ್ಟೆ ತೊಳಸು, ತೇಗು ಎಲ್ಲವೂ ಬರಬಹುದು. ತೇಗಿದವರಿಗೆ ಹಾರ್ಟ್ ಅಟ್ಯಾಕ್ ಆಗುವುದಿಲ್ಲ ಎಂದು ಯಾವ ವೈದ್ಯರೂ ಹೇಳಿಲ್ಲ, ಹೇಳಿದ್ದು ಪಕ್ಕದ ಮನೆಯವರು.

ಎದೆ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ಆಗಿ 15 ನಿಮಿಷ ದಾಟಿತೋ, ಜೊತೆಗೆ ತಣ್ಣನೆ ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ಉಸಿರು ಸಾಲದ ಭಾವ ಇದೆಯೋ, ಅಲ್ಲಿಗೆ ಚರ್ಚೆ ಮುಗಿಯಿತು. ಸಕ್ಕರೆ ಕಾಯಿಲೆಯವರಿಗೂ ಹೆಂಗಸರಿಗೂ ಎದೆನೋವು ಬರದೆಯೇ ಬರೀ ಸುಸ್ತು, ಬೆವರು, ಏದುಸಿರಿನಲ್ಲೇ ಹೃದಯಾಘಾತ ಆಗಿಹೋಗಬಹುದು. ಅಮ್ಮ ‘ಯಾಕೋ ಸುಸ್ತು’ ಅಂದರೆ ಹಾರ್ಲಿಕ್ಸ್ ಕೊಟ್ಟು ಮಲಗಿಸುವ ಮನೆಗಳು ಇದನ್ನು ಗಮನಿಸಬೇಕು. 108ಕ್ಕೆ ಫೋನ್. ಮೆಟ್ಟಿಲು ಇಳಿಸಿ ನಡೆಸಬೇಡಿ, ಸ್ಕೂಟರ್ ಹಿಂದೆ ಕೂರಿಸಬೇಡಿ, ಅವರೇ ಕಾರು ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್, ನುಂಗುವುದಲ್ಲ, ಅಗಿಯುವುದು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ನಾಲಗೆ ಕೆಳಗೆ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಡುವ ಉತ್ಸಾಹಿ ನೆರೆಯವರನ್ನು ಸ್ವಲ್ಪ ತಡೆಯಿರಿ, ಬಿಪಿ ಆಗಲೇ ಇಳಿದಿದ್ದರೆ ಅದು ಇನ್ನೂ ಇಳಿಸಿ ಮನುಷ್ಯನನ್ನು ನೆಲಕ್ಕೆ ಕೆಡಹುತ್ತದೆ.

ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. ಮೊದಲ ಇಸಿಜಿ ನಾರ್ಮಲ್ ಬಂದು ನೋವು ನಿಂತಿಲ್ಲ ಅಂದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಟ್ರೊಪೊನಿನ್ ರಕ್ತಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಸ್ನಾಯು ಸತ್ತ ಸುದ್ದಿ ರಕ್ತಕ್ಕೆ ಬರಲು ಕೆಲವು ಗಂಟೆ ಬೇಕು. ಎಡವಟ್ಟಾಗುವುದು ಇಲ್ಲೇ. ಬಡಾವಣೆಯ ನರ್ಸಿಂಗ್ ಹೋಮ್‌ನಲ್ಲಿ ಒಂದು ಕಾಗದ ತೆಗೆದು “ಗ್ಯಾಸು, ಮನೆಗೆ ಹೋಗಿ” ಅನ್ನುತ್ತಾರೆ, ನಾವೂ ಬದುಕಿದೆಯಾ ಬಡಜೀವವೇ ಅಂತ ವಾಪಸ್ ಬರುತ್ತೇವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಬಿಟ್ಟಿ ಕೊಡುತ್ತಾರೆ. ಅದೂ ಹೊತ್ತಿಗೆ ಸರಿಯಾಗಿ ಹೋದರೆ ತಾನೆ. ಈನೋ ಮುಗಿಯುವವರೆಗೆ ಕಾದರೆ ಕರಗಿಸಲು ಗಡ್ಡೆ ಇರುತ್ತದೆ, ಉಳಿಸಲು ಸ್ನಾಯು ಇರುವುದಿಲ್ಲ.

ಪಾರ್ಶ್ವವಾಯುವಿನ ಕಥೆಯೂ ಬೇರೆ ಅಲ್ಲ. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಗಡಿಯಾರ ನೋಡಬೇಕು, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ. ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಅಲ್ಲಿಂದ ನಾಲ್ಕೂವರೆ ಗಂಟೆ ಅವಕಾಶ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಇಲ್ಲಿ ಆಸ್ಪಿರಿನ್ ಕೊಡಬಾರದು, ಒಳಗೆ ರಕ್ತ ಸೋರುತ್ತಿದ್ದರೆ ಅನಾಹುತ. ನೀರೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮಲ್ಲಿ ಏನು ಮಾಡುತ್ತಾರೆ? ‘ಗಾಳಿ ಹೊಡೆದಿದೆ’ ಅಂತ ನಾಟಿ ಔಷಧಕ್ಕೆ ಕಾರು ಬಾಡಿಗೆಗೆ ಮಾಡಿಕೊಂಡು ಹೊರಡುತ್ತಾರೆ. ದಾರಿಯಲ್ಲಿ ಎರಡು ನರವಿಜ್ಞಾನ ಆಸ್ಪತ್ರೆ ದಾಟಿಕೊಂಡು.

ಇನ್ನು ಜ್ವರ. ಸುಮ್ಮನೆ ಮನೆಯಲ್ಲಿ ಮಲಗಬೇಕಾದ ಕಾಯಿಲೆ ಯಾವುದಾದರೂ ಇದ್ದರೆ ಅದು ನೆಗಡಿ ಜ್ವರ. ಬಿಸಿನೀರು, ಗಂಜಿ, ಜ್ವರ ಏರಿದಾಗ ಪ್ಯಾರಸಿಟಮಾಲ್ 650, ಎರಡು ಮಾತ್ರೆಗಳ ನಡುವೆ ಆರು ಗಂಟೆ. ನೆಗಡಿಗೆ ವಾರ, ಕೆಮ್ಮಿಗೆ ಎರಡು ಮೂರು ವಾರ ಬೇಕು, ಕಫ ಹಳದಿಯಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಡ. ಆದರೆ ಮಲಗಲು ಬಿಡಬೇಕಲ್ಲ. ಒಂದೇ ದಿನದ ರಜಕ್ಕೂ ಎಚ್‌ಆರ್ ಮಹಾಶಯರಿಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಹಾಗಾಗಿ 101 ಡಿಗ್ರಿ ಜ್ವರದವನು ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕಳೆದು, ಕ್ಲಿನಿಕ್‌ನಲ್ಲಿ ಒಬ್ಬ ಗರ್ಭಿಣಿಗೂ ಒಬ್ಬ ವೃದ್ಧರಿಗೂ ನಡುವೆ ಕೂತು ಇಬ್ಬರ ಮೇಲೂ ಸಮನಾಗಿ ಕೆಮ್ಮಿ, ‘ಇವರಿಗೆ ವಿಶ್ರಾಂತಿ ಅಗತ್ಯ’ ಎಂಬ ಕಾಗದ ತರುತ್ತಾನೆ. ವಿಶ್ರಾಂತಿಗೆ ಪುರಾವೆ ತರಲು ವಿಶ್ರಾಂತಿ ಹಾಳುಮಾಡಿಕೊಳ್ಳುವ ಈ ವ್ಯವಸ್ಥೆ ಕಂಡುಹಿಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟರೆ ನಷ್ಟವಿಲ್ಲ.

ಕ್ಲಿನಿಕ್‌ಗೆ ಹೋದಮೇಲೆ ಬರಿಗೈಲಿ ಬರುವುದುಂಟೇ? “ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ.” 5 ಪರ್ಸೆಂಟ್ ಡೆಕ್ಸ್‌ಟ್ರೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ಮನೆಯಲ್ಲಿ ಒಂದು ಲೋಟ ನಿಂಬೆ ಪಾನಕ ಮಾಡಿದರೆ ಅಷ್ಟು ಬೀಳುತ್ತದೆ. ಬಾಯಲ್ಲಿ ಕುಡಿಯಲು ಆಗುವವನಿಗೆ ಅದನ್ನು ಸೂಜಿಯಲ್ಲಿ ಹಾಕುವುದರಿಂದ ಆಗುವ ಲಾಭ ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ.

ಡೆಂಗಿ ಕಾಲದಲ್ಲಂತೂ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗುಂಪು ಷೇರುಪೇಟೆ ಆಗುತ್ತದೆ. “ನಮ್ಮನೆಯವರ ಪ್ಲೇಟ್‌ಲೆಟ್ 1.20 ಲಕ್ಷ.” “ಅಯ್ಯೋ, ನಿಮ್ಮದೇ ಪರವಾಗಿಲ್ಲ, ನಮ್ಮದು 85 ಸಾವಿರಕ್ಕೆ ಬಿತ್ತು.” ಪಪ್ಪಾಯಿ ಎಲೆ ರಸ, ಕಿವಿ ಹಣ್ಣು, ಆಡಿನ ಹಾಲು, ಎಲ್ಲದಕ್ಕೂ ಅಂಗಡಿಯಲ್ಲಿ ರೇಟು ಏರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ ರಾಜ್ಯ ಇದು, ಇಷ್ಟು ಹೊತ್ತಿಗೆ ಗೊತ್ತಿರಬೇಕಿತ್ತು: ರಕ್ತಸ್ರಾವ ಇಲ್ಲದಿದ್ದರೆ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುವ ಮಾತು ಬರುವುದು ಸಾಮಾನ್ಯವಾಗಿ 10 ಸಾವಿರದ ಕೆಳಗೆ. ಅದಕ್ಕಿಂತ ಮುಖ್ಯವಾದದ್ದು ಅದೇ ರಿಪೋರ್ಟಿನಲ್ಲಿ ಯಾರೂ ಓದದ, ರಕ್ತದಲ್ಲಿ ಕೆಂಪುಕಣಗಳ ಪಾಲೆಷ್ಟು ಅಂತ ಹೇಳುವ ಪಿಸಿವಿ ಎಂಬ ಸಾಲು. ರಕ್ತನಾಳದಿಂದ ನೀರು ಸೋರಿ ರಕ್ತ ಗಟ್ಟಿಯಾದರೆ ಅದು ಏರುತ್ತದೆ. ಅಪಾಯ ಶುರುವಾಗುವುದು ಜ್ವರ ಜೋರಾಗಿರುವಾಗ ಅಲ್ಲ, ಬಿಟ್ಟಮೇಲೆ, ಸುಮಾರು ಮೂರರಿಂದ ಏಳನೇ ದಿನದ ನಡುವಿನ 24–48 ಗಂಟೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಮಂಪರು, ಇವು ಕಂಡರೆ ತಕ್ಷಣ ಆಸ್ಪತ್ರೆ. ನಾವೋ ಉಲ್ಟಾ. ಜ್ವರ ಇರುವ ಮೂರು ದಿನ ಅಡ್ಮಿಟ್ ಮಾಡಿ ಅಂತ ಗಲಾಟೆ, ಯಾಕೆಂದರೆ 24 ಗಂಟೆ ಮಲಗದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕ್ಲೇಮ್ ಆಗುವುದಿಲ್ಲ. ಜ್ವರ ಬಿಟ್ಟ ದಿನ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಿ ಹೋಳಿಗೆ ಊಟ.

ಕೂಸುಗಳ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅಜ್ಜಿಯ ಸಲಹೆಗೂ ಕಾಯದೆ ಹೊರಡಬೇಕು. ಮತ್ತೆ, ಪ್ಯಾರಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್ ಒಂದು ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನ 5 ಎಂಎಲ್‌ನಲ್ಲಿ 120 ಅಥವಾ 250. ಸಿರಪ್ ಲೆಕ್ಕದಲ್ಲಿ ಡ್ರಾಪ್ಸ್ ಸುರಿದರೆ ಲಿವರ್ ಲೆಕ್ಕ ತಪ್ಪುತ್ತದೆ. ಮಗುವಿನ ತೂಕದ ಒಂದೊಂದು ಕೆಜಿಗೂ ಒಂದು ಸಲಕ್ಕೆ 15 ಮಿಲಿಗ್ರಾಂ, ಅಷ್ಟೆ.

‘ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ’ ಎಂಬ ಮಾತು ಯಾರಿಗೆ ಹೇಳುತ್ತಿದ್ದೇವೆ ಅಂತ ಯೋಚಿಸಿದರೆ ನಗು ನಿಲ್ಲುತ್ತದೆ. ಎಚ್‌ಆರ್ ಕಾಟ ಕೊಟ್ಟರೂ ಸಂಬಳ ಬರುವವರಿಗೆ. ಊಟ ತಂದುಕೊಡುವ ಹುಡುಗ ಒಂದು ದಿನ ಮಲಗಿದರೆ ಆ ದಿನದ ದುಡ್ಡಿಲ್ಲ. ನಾಲ್ಕು ಮನೆ ಕೆಲಸದ ಹೆಂಗಸು ಎರಡು ದಿನ ಬರದಿದ್ದರೆ ಮೂರನೇ ದಿನ ಅವಳ ಜಾಗದಲ್ಲಿ ಬೇರೆಯವಳು. ಸರ್ಕಾರದ ‘ನಮ್ಮ ಕ್ಲಿನಿಕ್’ ಅವಳ ಬೀದಿಯಲ್ಲೇ ಇದೆ, ದುಡ್ಡೂ ಕೇಳುವುದಿಲ್ಲ, ಆದರೆ ಅದು ತೆರೆದಿರುವ ಹೊತ್ತಿನಲ್ಲಿ ಅವಳು ನಮ್ಮ ಪಾತ್ರೆ ತೊಳೆಯುತ್ತಿರುತ್ತಾಳೆ. ನಾಲ್ಕು ದಿನದ ಜ್ವರ, ಕಣ್ಣಹಿಂದೆ ನೋವು, ಮೂಳೆ ಮುರಿದ ಹಾಗೆ ಮೈಕೈ. “ಅಕ್ಕಾ, ಆಗ್ತಿಲ್ಲ” ಅಂದರೆ, ತಮ್ಮ ಪ್ಲೇಟ್‌ಲೆಟ್ಟನ್ನು ದಿನಕ್ಕೆರಡು ಸಲ ಎಣಿಸಿಕೊಂಡ ಅದೇ ಅಕ್ಕನವರು ಡ್ರಾಯರ್ ಎಳೆದು ಒಂದು ಮಾತ್ರೆ ಕೊಡುತ್ತಾರೆ, ಇದನ್ನ ತಗೊಂಡು ಪಾತ್ರೆ ಮುಗಿಸಿ ಹೋಗು ಅಂತ. ಆ ಮಾತ್ರೆ ಬರೀ ಪ್ಯಾರಸಿಟಮಾಲ್ ಅಲ್ಲ, ಐಬುಪ್ರೊಫೇನ್ ಸೇರಿದ್ದು. ಡೆಂಗಿಯಲ್ಲಿ ಕೊಡಲೇಬಾರದ್ದು, ಹೊಟ್ಟೆಯೊಳಗೆ ರಕ್ತ ಬರಿಸಬಹುದು. ಐಬುಪ್ರೊಫೇನ್ ಇದೆ ಅಂತ ಮಾತ್ರೆ ಪಟ್ಟಿಯ ಹಿಂದೆಯೇ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಕ್ಕನವರಿಗೆ ಬರುತ್ತದೆ.